ಜಾಲ್ಸೂರು ದಾಟಿದರೆ ಹಳದಿ

ಸುಳ್ಯದವರಿಗೆ ಕೇರಳ ದೂರವೇನಲ್ಲ. ಜಾಲ್ಸೂರಿನಿಂದ ಕಾಸರಗೋಡಿನ ದಾರಿ ಹಿಡಿದರೆ ಸ್ವಲ್ಪದರಲ್ಲೇ ಗಡಿ. ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ಪಂದ್ಯದ ಮುನ್ನಾದಿನವಂತೂ ಹಾಸ್ಟೆಲಿನ ಕೋಣೆಯೊಳಗೇ ಗಡಿ ಬೀಳುತ್ತದೆ.

ನೀಲಿ ಅಂಗಿಯ ಹುಡುಗನಿಗೆ ಮಾತೆತ್ತಿದರೆ 2023ರ ಮಾರ್ಚ್ 3. ಅಂದು ಕಂಠೀರವದಲ್ಲಿ, ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಸುನಿಲ್ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದರು. ಅದು ಗೋಲೇ ಅಲ್ಲವೆಂದು ಕೇರಳದವರು ಮೈದಾನ ಬಿಟ್ಟು ನಡೆದರು. ಬಿದ್ದ ದಂಡ 4 ಕೋಟಿ ರೂಪಾಯಿ!

"ಸೀಟಿ ಊದಿದ್ದಾರಾ ಮಾರಾಯ?" ಎಂದು ಕಾಸರಗೋಡಿನ ಗೆಳೆಯ ಈಗಲೂ ಕೇಳುತ್ತಾನೆ. ರೆಫರಿ ತಡೆಯದಿದ್ದರೆ ಸೀಟಿಗೆ ಕಾಯದೆ ಒದೆಯಬಹುದು, ನಿಯಮವೇ ಹಾಗಿದೆ. ಆದರೆ ಅಂದು ತಡೆದಿದ್ದರೇ? ಜಗಳ ಇರುವುದು ಅಲ್ಲಿ.

ಪಂದ್ಯದ ಮರುದಿನ ಪರೀಕ್ಷೆ. ಗಣಿತದ ನೋಟ್ಸ್ ಇರುವುದೋ, ಆ ಹಳದಿ ಅಂಗಿಯವನ ಬಳಿ.