ಡೆಟ್ರಾಯಿಟ್‌ನ ಮನೆಯೊಂದರಲ್ಲಿ ಹಳೇ ತಂತಿಯ ನಾದ

ಅಮೆರಿಕದ ಡೆಟ್ರಾಯಿಟ್ ಎಂದೊಡನೆ ನೆನಪಾಗುವುದು ಕಾರು. ಆದರೆ ಆ ನಗರದ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್ ಎಂಬ ಅಗಲ ರಸ್ತೆಯಲ್ಲಿ 2648ನೇ ನಂಬರಿನ ಮನೆ ಹುಡುಕಿಕೊಂಡು ಬರುವವರಿಗೆ ಕಾರಿನ ಗೊಡವೆ ಇಲ್ಲ. ಎರಡು ಅಂತಸ್ತಿನ ಸಾಧಾರಣ ಮನೆ. ಮುಂಭಾಗದ ದೊಡ್ಡ ಕಿಟಕಿಯ ಮೇಲೆ 'ಹಿಟ್ಸ್‌ವಿಲ್ ಯು.ಎಸ್.ಎ.' ಎಂಬ ಬರಹ. ಒಂದು ಕಾಲಕ್ಕೆ ಫೋಟೋಗ್ರಾಫರ್ ಒಬ್ಬರ ಸ್ಟುಡಿಯೋ ಆಗಿದ್ದ ಈ ಮನೆಯನ್ನು 1959ರಲ್ಲಿ ಬೆರ್ರಿ ಗಾರ್ಡಿ ಕೊಂಡರು. ಕಾರು ಕಾರ್ಖಾನೆಯಲ್ಲಿ ಕೂಲಿ ಮಾಡಿದ್ದ ಗಾರ್ಡಿ, ಮನೆಮಂದಿಯ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ಪಡೆದು ಆರಂಭಿಸಿದ ಧ್ವನಿಮುದ್ರಿಕೆ ಸಂಸ್ಥೆಯೇ ಮುಂದೆ 'ಮೋಟೌನ್' ಎಂದು ಜಗತ್ತಿಗೆಲ್ಲ ಗೊತ್ತಾಯಿತು.

1985ರಿಂದ ಇದು ವಸ್ತುಸಂಗ್ರಹಾಲಯ. ಬಂದವರು ಕೆಳಗಿನ ರೆಕಾರ್ಡಿಂಗ್ ಕೋಣೆಗೆ ಕಾಲಿಟ್ಟಾಗ ಆಡುವ ಮೊದಲ ಮಾತು, 'ಇಷ್ಟು ಚಿಕ್ಕದೇ?' ಚಾವಣಿಯಿಂದ ಹಾವಿನಂತೆ ತಂತಿಗಳು ಜೋತಾಡುತ್ತಿದ್ದುದರಿಂದ ಕಲಾವಿದರು ಆ ಕೋಣೆಗೆ 'ಹಾವಿನ ಗುಂಡಿ' ಎಂದೇ ಹೆಸರಿಟ್ಟಿದ್ದರು. ಹೊರಗೆ ಮಿಠಾಯಿ ಯಂತ್ರವೊಂದಿದೆ. ಅಂಧ ಬಾಲಕ ಸ್ಟೀವಿ ವಂಡರ್ ಕೈಯಾಡಿಸಿದರೆ ಸಿಗಬೇಕೆಂದು ಅವನ ಮೆಚ್ಚಿನ ಮಿಠಾಯಿಯನ್ನು ಸದಾ ಒಂದೇ ಸಾಲಿನಲ್ಲಿ ಇಡುತ್ತಿದ್ದರಂತೆ. ಕೋಣೆಯೊಳಗಿನ 1877ರ ಸ್ಟೈನ್‌ವೇ ಪಿಯಾನೋಗೂ ಒಂದು ಕಥೆಯಿದೆ. 2011ರಲ್ಲಿ ಇಲ್ಲಿಗೆ ಬಂದ ಬೀಟಲ್ಸ್ ಖ್ಯಾತಿಯ ಪಾಲ್ ಮೆಕಾರ್ಟ್ನಿ, ಅದು ನುಡಿಸಲಾಗದ ಸ್ಥಿತಿಯಲ್ಲಿದ್ದುದನ್ನು ಕಂಡು ದುರಸ್ತಿಗೆ ನೆರವಾದರು.

ಮೆಕಾರ್ಟ್ನಿ ನುಡಿಸುವುದು ಬೇಸ್ ಗಿಟಾರ್. ತಮ್ಮ ಮೇಲೆ ಪ್ರಭಾವ ಬೀರಿದವರಲ್ಲಿ ಅವರು ಹೆಸರಿಸುವ ಜೇಮ್ಸ್ ಜೇಮರ್ಸನ್ ವರ್ಷಗಟ್ಟಲೆ ಕುಳಿತು ನುಡಿಸಿದ್ದು ಇದೇ ಕೋಣೆಯಲ್ಲಿ. ನಾಲ್ಕು ದಪ್ಪ ತಂತಿಯ, ತಗ್ಗು ಸ್ವರದ ಗಿಟಾರ್ ಹಿಡಿದ ತರುಣರು ಇಲ್ಲಿಗೆ ಯಾತ್ರೆ ಬರುವುದಕ್ಕೆ ಜೇಮರ್ಸನ್ ಕಾರಣ. ಜೊತೆಗೆ ಅವರ ಕೈಯಲ್ಲಿದ್ದ ವಾದ್ಯವೂ ಕಾರಣ. ಅದರ ಹೆಸರು ಫೆಂಡರ್ ಪ್ರಿಸಿಷನ್ ಬೇಸ್.

ಈ ವಾದ್ಯ ಹುಟ್ಟಿದ್ದು ಡೆಟ್ರಾಯಿಟ್‌ನಲ್ಲಲ್ಲ, ದೂರದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ, 1951ರಲ್ಲಿ. ರೂಪಿಸಿದ ಲಿಯೋ ಫೆಂಡರ್ ಮೊದಲು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಇನ್ನೂ ಸೋಜಿಗವೆಂದರೆ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಅಲ್ಲಿಯವರೆಗೆ ವಾದ್ಯವೃಂದದಲ್ಲಿ ತಗ್ಗು ಸ್ವರಕ್ಕೆ ಇದ್ದುದು ಆಳೆತ್ತರದ ಡಬಲ್ ಬೇಸ್. ಸಾಗಿಸುವುದು ಕಷ್ಟ, ಗದ್ದಲದ ಸಭಾಂಗಣದಲ್ಲಿ ಅದರ ದನಿ ಕೇಳಿಸದು, ಅದಕ್ಕೆ ವೀಣೆಯಂಥ ಮೆಟ್ಟಿಲುಗಳೂ ಇಲ್ಲ, ಬೆರಳು ಕೂದಲೆಳೆಯಷ್ಟು ಸರಿದರೂ ಶ್ರುತಿ ತಪ್ಪುತ್ತದೆ. ಫೆಂಡರ್ ಅದರ ತಗ್ಗು ಸ್ವರವನ್ನು ಗಿಟಾರಿನ ಆಕಾರಕ್ಕೆ ಇಳಿಸಿ, 34 ಅಂಗುಲದ ತಂತಿ ಎಳೆದು, 20 ಮೆಟ್ಟಿಲು ಕೂರಿಸಿದರು. ಮೆಟ್ಟಿಲಿನಿಂದ ಸ್ವರಸ್ಥಾನ ಕರಾರುವಾಕ್ಕು. ಆ ಕರಾರುವಾಕ್ಕುತನವೇ 'ಪ್ರಿಸಿಷನ್' ಎಂಬ ಹೆಸರಾಯಿತು.

ದನಿ ಹೊರಡುವ ಬಗೆ ಹೈಸ್ಕೂಲು ವಿಜ್ಞಾನದ್ದೇ. ತಂತಿಯ ಕೆಳಗೆ ಆಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವ ಇದೇ ಅಲ್ಲವೇ? ತೊಂದರೆಯೆಂದರೆ, ಆ ಸುರುಳಿ ಗೋಡೆಯೊಳಗೆ ಹರಿಯುವ ಕರೆಂಟಿನ 'ಗುಂಯ್' ಸದ್ದನ್ನೂ ಹಿಡಿದುಕೊಳ್ಳುತ್ತದೆ. ಅಮೆರಿಕದಲ್ಲಿ ಆ ಗುಂಯ್ ಸೆಕೆಂಡಿಗೆ 60 ಆವರ್ತನೆಯದು, ನಮ್ಮ ಮನೆಗಳಲ್ಲಿ 50ರದು. 1957ರಲ್ಲಿ ಫೆಂಡರ್ ಕಂಪನಿ ಸುರುಳಿಯನ್ನು ಎರಡು ತುಂಡು ಮಾಡಿತು. ಎರಡು ತಂತಿಗೆ ಒಂದು ತುಂಡು, ಉಳಿದೆರಡಕ್ಕೆ ಇನ್ನೊಂದು. ಸುರುಳಿ ಸುತ್ತಿದ ದಿಕ್ಕೂ ಆಯಸ್ಕಾಂತದ ದಿಕ್ಕೂ ಎರಡರಲ್ಲಿ ತಿರುವುಮುರುವು. ಹಾಗಾಗಿ ಒಂದರ ಗುಂಯ್ ಇನ್ನೊಂದರದನ್ನು ನುಂಗಿಹಾಕುತ್ತದೆ. ತಂತಿಯ ನಾದ ಮಾತ್ರ ಉಳಿಯುತ್ತದೆ. ಇದಕ್ಕೆ ಇರುವ ಗುಂಡಿಗಳು ಎರಡೇ. ಒಂದು ದನಿ ಏರಿಳಿಸಲು, ಇನ್ನೊಂದು ನಾದದ ಹೊಳಪು ತಗ್ಗಿಸಲು. ಇವತ್ತಿಗೂ ಮೂಲ ರಚನೆ ಇಷ್ಟೇ.

ಅಂಗಡಿಯಲ್ಲಿ ಒಬ್ಬರೇ ಕುಳಿತು ನುಡಿಸಿದರೆ ಇದು ಅಂಥ ಬೆರಗು ಹುಟ್ಟಿಸುವುದಿಲ್ಲ. ಪಕ್ಕದಲ್ಲಿರುವ ಹೆಚ್ಚು ಗುಂಡಿಗಳ, ಹೆಚ್ಚು ಮಿರುಗಿನ ವಾದ್ಯವೇ ಚೆನ್ನಾಗಿದೆ ಎನಿಸಬಹುದು. ಮಕ್ಕಳ ಜೊತೆ ಅಂಗಡಿಗೆ ಹೋದ ತಂದೆತಾಯಿ 'ಇದಕ್ಕೇಕೆ ಇಷ್ಟು ದುಡ್ಡು?' ಎಂದು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಡ್ರಮ್ಸ್, ಪಿಯಾನೋ, ಹಾಡುವ ಕಂಠ ಎಲ್ಲ ಸೇರಿಕೊಂಡಾಗ ನೋಡಬೇಕು. ಆ ಮಿರುಗಿನ ಬೇಸ್ ಉಳಿದವುಗಳ ಜೊತೆ ಜಗಳಕ್ಕೆ ಬಿದ್ದು ಕರಗಿಹೋದರೂ ಪ್ರಿಸಿಷನ್ನಿನ ದುಂಡು ನಾದ ಹಾಡಿನ ಅಡಿಯಲ್ಲಿ ತನ್ನ ಜಾಗ ಹಿಡಿದು ನಿಲ್ಲುತ್ತದೆ. ನಾನಾ ವಾದ್ಯ ಕೊಂಡು ಮಾರಿದ ಅನುಭವಿಗಳು ಮತ್ತೆ ಇದರ ಕಡೆಗೇ ತಿರುಗುವುದು ಈ ಗುಣಕ್ಕಾಗಿ.

ಆ ಗುಣವನ್ನು ಕೊನೆಯ ಹನಿಯವರೆಗೆ ಹಿಂಡಿ ತೋರಿಸಿದವರು ಜೇಮರ್ಸನ್. 1936ರಲ್ಲಿ ದಕ್ಷಿಣ ಕೆರೊಲಿನಾದ ಎಡಿಸ್ಟೊ ದ್ವೀಪದಲ್ಲಿ ಹುಟ್ಟಿದ ಅವರು 1954ರಲ್ಲಿ ಡೆಟ್ರಾಯಿಟ್‌ಗೆ ಬಂದರು. ಹೈಸ್ಕೂಲಿನಲ್ಲಿ ಕೈಗೆ ಸಿಕ್ಕಿದ್ದು ಡಬಲ್ ಬೇಸ್. ರಾತ್ರಿ ಕ್ಲಬ್ಬುಗಳಲ್ಲಿ ಜಾಝ್, ಹಗಲು ಮೋಟೌನ್ ಕೋಣೆಯಲ್ಲಿ ದುಡಿಮೆ. 1960ರ ದಶಕದ ಮೊದಲ ವರ್ಷಗಳಲ್ಲಿ ಪ್ರಿಸಿಷನ್ ಹಿಡಿದರೂ ಹಳೆಯ ಅಭ್ಯಾಸ ಬಿಡಲಿಲ್ಲ. ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದರು. ಗೆಳೆಯರು ಆ ಬೆರಳಿಗೆ 'ಕೊಕ್ಕೆ' ಎಂದು ಅಡ್ಡಹೆಸರಿಟ್ಟರು. ಅವರ 1962ರ ವಾದ್ಯದಲ್ಲಿ ತಂತಿಗಳು ಎಷ್ಟು ಎತ್ತರದಲ್ಲಿದ್ದವೆಂದರೆ ಬೇರೆಯವರಿಗೆ ಅದುಮುವುದೇ ಕಷ್ಟವಾಗುತ್ತಿತ್ತು. ಆ ತಂತಿಗಳ ಮೇಲ್ಸುತ್ತು ಚಪ್ಪಟೆ ಪಟ್ಟಿಯದು, ಮುಟ್ಟಿದರೆ ನುಣುಪು. ತುಂಡಾದ ಹೊರತು ಅವನ್ನು ಬದಲಾಯಿಸುತ್ತಿರಲಿಲ್ಲ. ಬೆವರು, ಕೊಳೆ ಹತ್ತಿದಷ್ಟೂ ನಾದ ಹದವಾಗುತ್ತದೆಂಬುದು ಅವರ ನಂಬಿಕೆ.

ಕುದುರೆಯ ಮೇಲಿನ ಲೋಹದ ಮುಚ್ಚಳದ ಒಳಗೆ ತಂತಿಗೆ ತಾಗುವ ಸ್ಪಂಜಿನ ತುಂಡೊಂದು ಇರುತ್ತಿತ್ತು. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿಯ ದಾರ ಸರಿಸುವುದನ್ನು ಕಂಡವರಿಗೆ ಇದರ ಮರ್ಮ ಬೇಗ ಹೊಳೆದೀತು. ಅಲ್ಲಿ ದಾರ ನಾದವನ್ನು ಅರಳಿಸುತ್ತದೆ. ಇಲ್ಲಿ ಸ್ಪಂಜು ಅದನ್ನು ಬೇಗ ಮುಚ್ಚಿಸುತ್ತದೆ. ಸ್ವರ 'ದುಂ' ಎಂದು ಹುಟ್ಟಿ, ಮುಂದಿನ ಸ್ವರಕ್ಕೆ ಜಾಗ ಬಿಟ್ಟು ಸರಿಯುತ್ತದೆ. ಹೀಗಾಗಿಯೇ ಅವರು ಎಷ್ಟು ಸ್ವರ ಹೆಣೆದರೂ ಹಾಡು ಗೋಜಲಾಗಲಿಲ್ಲ. 1964ರ 'ಮೈ ಗರ್ಲ್' ಆರಂಭವಾಗುವುದೇ ಆ ಬೇಸ್ ನಾದದಿಂದ. ಸಂಗ್ರಹಾಲಯದ ಮಾರ್ಗದರ್ಶಕರು ಇಂದಿಗೂ ಬಂದವರಿಂದ ಹಾಡಿಸುವ ಹಾಡು ಅದು.

ಹಾಡು ಕೇಳಿದ ಕೋಟಿ ಜನರಿಗೆ ನುಡಿಸಿದವರ ಹೆಸರು ಮಾತ್ರ ಗೊತ್ತಾಗಲಿಲ್ಲ. ಮೋಟೌನ್ ರೆಕಾರ್ಡಿನ ಹೊದಿಕೆಯ ಮೇಲೆ ಗಾಯಕರ ಹೆಸರಿರುತ್ತಿತ್ತು, ವಾದ್ಯಗಾರರದಲ್ಲ. ಜೇಮರ್ಸನ್ ಹೆಸರು ಮೊದಲ ಬಾರಿ ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್ಮಿನಲ್ಲಿ. ಮರುವರ್ಷ ಕಂಪನಿ ಲಾಸ್ ಏಂಜಲಿಸ್‌ಗೆ ಗಂಟುಮೂಟೆ ಕಟ್ಟಿತು. ಜೇಮರ್ಸನ್ ಹಿಂಬಾಲಿಸಿ ಹೋದರು, ಆದರೆ ಅಲ್ಲಿ ಬೇಕಾಗಿದ್ದ ನಾದವೇ ಬೇರೆಯಾಗಿತ್ತು. ಹೊಸ ತಂತಿಯ ಕಣಕಣ ಸದ್ದು ಬಂದಿತ್ತು. ಹಳೇ ತಂತಿ ಬಿಡಲು ಅವರು ಒಪ್ಪಲಿಲ್ಲ. ಕೆಲಸ ಕಡಿಮೆಯಾಯಿತು, ಕುಡಿತ ಹೆಚ್ಚಿತು. 1983ರಲ್ಲಿ ಮೋಟೌನಿನ ಬೆಳ್ಳಿಹಬ್ಬದ ಭಾರಿ ಸಮಾರಂಭ ನಡೆದಾಗ ಅವರಿಗೆ ಕರೆ ಬರಲಿಲ್ಲ. ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕುಳಿತು ನೋಡಿದರೆಂದು ಬಲ್ಲವರು ಬರೆದಿದ್ದಾರೆ. ಅದೇ ವರ್ಷದ ಆಗಸ್ಟ್ 2ರಂದು, 47ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು. ಅದಕ್ಕೆ ಸ್ವಲ್ಪ ಮೊದಲು ಆ 1962ರ ಬೇಸ್ ಕಳವಾಗಿತ್ತು.

1989ರಲ್ಲಿ ಅವರ ಬದುಕು, ನುಡಿಸಾಣಿಕೆಯ ಸ್ವರಲಿಪಿಗಳ ಪುಸ್ತಕ ಬಂತು. 2000ದಲ್ಲಿ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಗೌರವ ಸಂದಿತು. 2002ರಲ್ಲಿ ಸಂಗಡಿಗರನ್ನು ಕುರಿತ ಸಾಕ್ಷ್ಯಚಿತ್ರ ಬಿಡುಗಡೆಯಾಯಿತು. ಆಮೇಲೆ ವಿದ್ಯಾರ್ಥಿಗಳು ಆ ಸ್ವರಲಿಪಿ ಹಿಡಿದು ಒಂದೇ ಬೆರಳಿನಲ್ಲಿ ಪ್ರಯತ್ನಿಸುತ್ತಾರೆ, ಮೊದಲ ವಾರದಲ್ಲೇ ಬೊಬ್ಬೆ ಎದ್ದು ಕೈ ಚೆಲ್ಲುವವರೂ ಉಂಟು. ಅವರು ಬಳಸುತ್ತಿದ್ದ ಲಾ ಬೆಲ್ಲಾ ಕಂಪನಿಯ ಚಪ್ಪಟೆ ಸುತ್ತಿನ ತಂತಿಗಳು ಈಗಲೂ ಮಾರಾಟಕ್ಕಿವೆ. ಅತಿ ದಪ್ಪನೆಯದು ಸುಮಾರು ಎರಡೂಮುಕ್ಕಾಲು ಮಿಲಿಮೀಟರ್. ಪೊಟ್ಟಣದಿಂದ ತೆಗೆದಾಗ ಅವೂ ಹೊಳಪಿನ ಸದ್ದನ್ನೇ ಕೊಡುತ್ತವೆ. ದಿನಾ ನುಡಿಸುತ್ತಾ ತಿಂಗಳುಗಳು ಕಳೆದ ಮೇಲೆ ಆ 'ದುಂ' ಸಿಗುತ್ತದೆ.