ಆಗುಂಬೆ ಘಾಟಿ, ನಮ್ಮ ಓಮ್ನಿ ಮತ್ತು ಒಂದು ಅರ್ತ್ ವೈರು

ನಮ್ಮ ಮನೆ ತೀರ್ಥಹಳ್ಳಿ ಪಕ್ಕದ ಹಳ್ಳಿಯಲ್ಲಿ. ಅಮ್ಮನ ತವರು ಬಾರ್ಕೂರು. ನಡುವೆ ಆಗುಂಬೆ ಘಾಟಿ, ಹದಿನಾಲ್ಕು ಹೇರ್‌ಪಿನ್ ತಿರುವು. ಚಿಕ್ಕಂದಿನಿಂದ ಈ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಪ್ರತಿ ಸಲವೂ ಅದೇ ಬಿಳಿ ಓಮ್ನಿ, ಅದೇ ಅಪ್ಪಯ್ಯನ ಡ್ರೈವಿಂಗು, ಏಳನೇ ತಿರುವಿಗೆ ಸರಿಯಾಗಿ ತಮ್ಮನ ವಾಂತಿ.

2022ರ ಜುಲೈನಲ್ಲಿ ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂತು. ನಾನು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಅಪ್ಪಯ್ಯ, "ಅಮ್ಮನೂ ನೀನೂ ಬಸ್ಸಲ್ಲಿ ಹೋಗಿ ಬನ್ನಿ. ನಂಗೆ ತೋಟದಲ್ಲಿ ಕೆಲ್ಸ ಇದೆ" ಅಂದರು. ನನಗೆ ಆಶ್ಚರ್ಯ. ನಮ್ಮನ್ನು ಬಸ್ ಹತ್ತಿಸೋದು ಅಂದರೆ ಅವರಿಗೆ ಮರ್ಯಾದೆ ಪ್ರಶ್ನೆ. ಜೋರು ಮಳೆಗಾಲದಲ್ಲಿ ತೋಟದಲ್ಲಿ ಅಂಥಾ ಕೆಲಸ ಏನಿರುತ್ತೆ ಅಂತಲೂ ನನಗೆ ಗೊತ್ತು.

ಅಡುಗೆಮನೆಯಲ್ಲಿ ಅಮ್ಮ ಮೆಲ್ಲಗೆ ಹೇಳಿದರು. ಹಿಂದಿನ ಮಳೆಗಾಲದಲ್ಲಿ ಘಾಟಿ ಹತ್ತುವಾಗ ತಿರುವಿನ ನಡುವೆ ವ್ಯಾನ್ ಆಫ್ ಆಗಿತ್ತಂತೆ. ಹಿಂದೆ ಮಿನಿ ಬಸ್ಸು, ಅದರ ಹಿಂದೆ ನಾಲ್ಕು ಕಾರು, ಎಲ್ಲರದೂ ಹಾರ್ನು. ಯಾರೋ ಹುಡುಗ ಕಿಟಕಿಯಿಂದ ತಲೆ ಹಾಕಿ, "ಅಜ್ಜ, ಕ್ಲಚ್ ಬಿಡಕ್ಕೆ ಬರ್ದಿದ್ರೆ ಮನೇಲಿರಿ" ಅಂದನಂತೆ. ಅವತ್ತಿನಿಂದ ಅಪ್ಪಯ್ಯ ವ್ಯಾನನ್ನು ಅಡಿಕೆ ಮಂಡಿಗೆ ಬಿಟ್ಟು ಬೇರೆಲ್ಲಿಗೂ ತೆಗೆದಿರಲಿಲ್ಲ. ಅದೂ ಹಗಲು ಹೊತ್ತು ಮಾತ್ರ.

ವ್ಯಾನಿನ ಕಾಯಿಲೆ ನನಗೆ ಗೊತ್ತಿತ್ತು, ಬಿಲ್ ಕಟ್ಟುತ್ತಿದ್ದವಳು ನಾನೇ ಅಲ್ವಾ. ಓಡುವಾಗ ಏನೂ ತೊಂದರೆ ಇಲ್ಲ. ಆಕ್ಸಿಲರೇಟರಿಂದ ಕಾಲು ಎತ್ತಿದರೆ ಇಂಜಿನ್ ನಡುಗಿ ನಿಂತುಬಿಡುತ್ತೆ. ಹೆಡ್‌ಲೈಟ್ ಹಾಕಿದರೆ ಮಂಕು. ಹಾರ್ನ್ ಒತ್ತಿದರೆ ವೈಪರ್ ಅರ್ಧದಲ್ಲಿ ಯೋಚನೆ ಮಾಡುತ್ತೆ. ಮೊದಲು ಬ್ಯಾಟರಿ ಹೋಗಿದೆ ಅಂದರು, ಹೊಸದು ಹಾಕಿಸಿದೆವು, 4,200 ರೂಪಾಯಿ. ಮೂರು ತಿಂಗಳಿಗೆ ಡೈನಮೊ ಅಂದರು, ಅದರ ರಿಪೇರಿ 2,800. ಆಮೇಲೆ ಇನ್ನೊಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆದು ಕಿಟ್ ಹಾಕಿದರು, 3,500. ಪ್ರತಿ ಸಲ ಒಂದು ವಾರ ಸರಿಹೋದಂತೆ ಕಾಣೋದು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವಳು. ನಮ್ಮಲ್ಲಿ ತಪ್ಪು ಮತ್ತೆ ಕಾಣಿಸದಿದ್ದರೆ ಹಾಗೇ ಬರೆದು ಟಿಕೆಟ್ ಮುಚ್ಚುತ್ತಾರೆ. ಗ್ಯಾರೇಜಿನಲ್ಲಿ ಟಿಕೆಟ್ ಮುಚ್ಚಲ್ಲ, ಒಂದು ಪಾರ್ಟ್ ಬದಲಾಯಿಸಿ ಕಳಿಸುತ್ತಾರೆ. ಕೊನೆಗೆ ಏನೂ ಉಳಿಯದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಯಜಮಾನ್ರಿಗೆ ವಯಸ್ಸಾಯ್ತು, ಕಾಲು ಸರಿಯಾಗಿ ನಿಲ್ತಿಲ್ಲ."

ಒಪ್ಪಿಕೊಳ್ಳಬೇಕು, ನಾನೂ ಹಾಗೇ ಅಂದುಕೊಂಡಿದ್ದೆ. ಮುಂದಿನ ವರ್ಷ ಗಾಡಿಗೆ 25 ತುಂಬುತ್ತೆ, ಮತ್ತೆ ರಿಜಿಸ್ಟ್ರೇಷನ್ ರಿನ್ಯೂವಲ್ ಬರುತ್ತೆ, ಅಷ್ಟರೊಳಗೆ ಗುಜರಿಗೆ ಕೊಟ್ಟರಾಯಿತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. "ವ್ಯಾನಲ್ಲೇ ಹೋಗೋಣ, ನಿಮಗೆ ಕಷ್ಟ ಆದ್ರೆ ನಾನು ಓಡಿಸ್ತೀನಿ" ಅಂತ ಅಪ್ಪಯ್ಯನನ್ನು ಹೊರಡಿಸಿದ್ದು ಧೈರ್ಯದಿಂದ ಅಲ್ಲ. ಅವರದ್ದೇ ತಪ್ಪು ಅನ್ನೋ ನಂಬಿಕೆಯಿಂದ.

ಓಮ್ನಿಯಲ್ಲಿ ಕೂತಿಲ್ಲದವರಿಗೆ ಒಂದು ಮಾತು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 1988ರಲ್ಲಿ ಓಮ್ನಿ ಅಂತ ಹೆಸರು ಪಡೆದು, 2019ರವರೆಗೆ ತಯಾರಾದ ಗಾಡಿ ಇದು. 796 ಸಿಸಿ, ಮೂರು ಸಿಲಿಂಡರ್. ಇಂಜಿನ್ ಮುಂದಿನ ಸೀಟುಗಳ ಕೆಳಗೇ ಇರುತ್ತೆ. ಸ್ಕೂಲ್ ಮಕ್ಕಳು, ಅಡಿಕೆ ಮೂಟೆ, ಆಂಬುಲೆನ್ಸ್, ಮದುವೆ ಅಡುಗೆ ಪಾತ್ರೆ, ಜೊತೆಗೆ ಸಿನಿಮಾದಲ್ಲಿ ನಾಯಕಿಯನ್ನು ಎಳೆದು ಹಾಕಿಕೊಂಡು ಹೋಗುವ ರೌಡಿಗಳು, ಎಲ್ಲರಿಗೂ ಆ ಜಾರುವ ಬಾಗಿಲು ಬೇಕಿತ್ತು. ಬೇಸಿಗೆಯಲ್ಲಿ ಮುಂದೆ ಕೂತವರ ಕುಂಡಿ ಬೇಯುತ್ತೆ. ಮಲೆನಾಡಿನ ಜುಲೈನಲ್ಲಿ ಅದೇ ಪರಮಸುಖ.

ತೀರ್ಥಹಳ್ಳಿಯಿಂದ ಆಗುಂಬೆವರೆಗೆ ಅಡಿಕೆ ತೋಟ, ಗದ್ದೆ, ನಾಟಿ ಮಾಡುವ ಹೆಂಗಸರ ತಲೆ ಮೇಲಿನ ಪ್ಲಾಸ್ಟಿಕ್ ಕೊಪ್ಪೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹಗಲು ಹನ್ನೊಂದಕ್ಕೇ ಹೆಡ್‌ಲೈಟ್ ಬೇಕಾಗಿತ್ತು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ದೊಡ್ಡಮನೆ ಮುಂದೆ ಹೋಗುವಾಗ ಅಮ್ಮ ಎಂದಿನಂತೆ ಕೈ ತೋರಿಸಿದರು. ನಾವಿಬ್ಬರೂ ಎಂದಿನಂತೆ ತಲೆ ಆಡಿಸಿದೆವು.

ಘಾಟಿ ಶುರುವಾಗುವ ಚೆಕ್‌ಪೋಸ್ಟಿನಲ್ಲಿ ಅಪ್ಪಯ್ಯ ನಿಲ್ಲಿಸಿದರು. ಕಾಲು ಎತ್ತಿದರು. ವ್ಯಾನ್ ಎರಡು ಸಲ ಮೈ ಕೊಡವಿ ಆಫ್ ಆಯಿತು. ಅವರು ನನ್ನ ಮುಖ ನೋಡಲಿಲ್ಲ. ಕೀ ಹಾಗೇ ಬಿಟ್ಟು ಇಳಿದು ಮಳೆಯಲ್ಲೇ ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದು, "ನೀನೇ ಓಡ್ಸು ಮಾರಾಯ್ತಿ" ಅಂದರು.

ಮೊದಲ ತಿರುವು ದಾಟಿದೆ. ಎರಡನೆಯದೂ ದಾಟಿತು. ನೋಡಿದ್ರಾ ಅನ್ನಬೇಕು, ಬಾಯಿ ತುದಿಗೆ ಬಂದಿತ್ತು. ಮೂರನೇ ತಿರುವಿನಲ್ಲಿ ಎದುರು ಬಸ್ಸಿಗೆ ದಾರಿ ಬಿಡಲು ಬ್ರೇಕ್, ಕ್ಲಚ್ ಒತ್ತಿದೆ, ಹಾರ್ನ್ ಹೊಡೆದೆ. ಇಂಜಿನ್ ಸತ್ತಿತು. ಅಷ್ಟು ಶಾಂತಿ ಆ ಕಾಡಿನಲ್ಲಿ ನನಗೆ ಬೇಕಿರಲಿಲ್ಲ. ಕೈ ನಡುಗುತ್ತಿತ್ತು. ಅಪ್ಪಯ್ಯ ಹ್ಯಾಂಡ್‌ಬ್ರೇಕ್ ಎಳೆದು, "ಗಾಬರಿ ಬೇಡ. ಲೈಟ್ ಆರ್ಸು, ಈಗ ಸೆಲ್ಫ್ ಹೊಡಿ" ಅಂದರು. ಬಹಳ ನಿಧಾನಕ್ಕೆ ತಿರುಗಿ ಸ್ಟಾರ್ಟ್ ಆಯಿತು. ಐದನೇ ತಿರುವಿನಲ್ಲಿ ಮತ್ತೆ ಅದೇ. ಎಂಟರಲ್ಲಿ ಸೆಲ್ಫೂ ಎತ್ತಲಿಲ್ಲ. ಅಪ್ಪಯ್ಯ ಹೇಳಿದಂತೆ ಎರಡನೇ ಗೇರಿಗೆ ಹಾಕಿ, ಇಳಿಜಾರಿನಲ್ಲಿ ಬಿಟ್ಟು ಕ್ಲಚ್ ತೆಗೆದಾಗ ಹಿಡಿಯಿತು.

ಸೋಮೇಶ್ವರಕ್ಕೆ ಇಳಿದಾಗ ನನ್ನ ಕುರ್ತಾ ಬೆನ್ನಿಗೆ ಅಂಟಿತ್ತು. ನನ್ನ ಕಾಲಿಗೆ 28 ವರ್ಷ. ಅದಕ್ಕೂ ವಯಸ್ಸಾಯಿತು ಅನ್ನೋರು ಯಾರು? ಅಪ್ಪಯ್ಯನಿಗೆ ಏನು ಹೇಳಬೇಕೋ ಗೊತ್ತಾಗದೆ ನೀರಿನ ಬಾಟಲಿ ಕೊಟ್ಟೆ. ಅವರು ಕುಡಿದು ಅಂದರು: "ನಿಲ್ಲೋ ಮುಂಚೆ ಸೀಟಿನ ಕೆಳಗೆ ಟಕ್ ಟಕ್ ಅಂತ ಒಂದು ಸದ್ದು ಬರ್ತದೆ. ಮೂರು ಗ್ಯಾರೇಜಲ್ಲೂ ಹೇಳಿದ್ದೆ."

ಹೆಬ್ರಿ ಪೇಟೆ ದಾಟಿದ ಮೇಲೆ ರಸ್ತೆ ಬದಿಗೆ ತಗಡಿನ ಮಾಡು, 'ಆಟೋ ಇಲೆಕ್ಟ್ರಿಕಲ್ಸ್' ಬೋರ್ಡು. ಕನ್ನಡಕ ಹಾಕಿದ ವಯಸ್ಸಾದ ಮೇಸ್ತ್ರಿ ಒಬ್ಬರೇ ಕೂತು ರಿಕ್ಷಾದ ಹಾರ್ನ್ ಬಿಚ್ಚುತ್ತಿದ್ದರು. ನಾನು ಫೋನ್ ತೆಗೆದು ಬ್ಯಾಟರಿ, ಡೈನಮೊ, ಕಾರ್ಬೊರೇಟರ್ ಬಿಲ್ಲುಗಳನ್ನೆಲ್ಲ ತೋರಿಸಲು ಹೊರಟೆ. ಅವರು, "ಅದು ಇರ್ಲಿ ಮಾರ್ರೆ. ಓಡಿಸುವವರು ಯಾರು? ಅವ್ರು ಹೇಳ್ಲಿ" ಅಂದರು.

ಅಪ್ಪಯ್ಯ ಹತ್ತು ನಿಮಿಷ ಹೇಳಿದರು. ಲೈಟ್ ಹಾಕಿದ್ರೆ ಜಾಸ್ತಿ, ಮಧ್ಯಾಹ್ನ ಕಮ್ಮಿ, ಮಳೆಗೆ ಜಾಸ್ತಿ, ಗ್ಯಾರೇಜಿಗೆ ಹೋದಾಗ ಬರೋದೇ ಇಲ್ಲ. ಟಕ್ ಟಕ್ ಅಂದ ಕೂಡಲೇ ಮೇಸ್ತ್ರಿ ತಲೆ ಎತ್ತಿದರು. ಸೀಟ್ ಮಗುಚಿ, ಇಂಜಿನ್ ಸ್ಟಾರ್ಟ್ ಮಾಡಿಸಿ, ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲಾ ಒಟ್ಟಿಗೆ ಹಾಕಿಸಿ ಕಿವಿ ಕೊಟ್ಟರು. ನಮಗೂ ಕೇಳಿಸಿತು. ಹಲ್ಲಿ ಲೊಚಗುಟ್ಟಿದ ಹಾಗೆ. ಟಕ್. ಟಕ್ ಟಕ್. ಆಫ್.

"ಸರಿಯಾಗೇ ಹೇಳಿದ್ದೀರಿ" ಅಂದರು ಅಪ್ಪಯ್ಯನಿಗೆ.

ಆಮೇಲೆ ಮಲ್ಟಿಮೀಟರ್ ತಂದರು. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಲೋಹಕ್ಕೆ ಒತ್ತಿ ನನಗೆ ಸೆಲ್ಫ್ ಹೊಡೆಯಲು ಹೇಳಿದರು. ಮೀಟರ್ 1.8 ವೋಲ್ಟ್ ತೋರಿಸಿತು. ಅಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕಂತೆ, ಸೆಲ್ಫ್ ಹೊಡೆಯುವಾಗ ಪಾಯಿಂಟ್ ಎರಡು, ಮೂರು ಬಂದರೆ ಪರವಾಗಿಲ್ಲ. ಇನ್ನೂ ಎರಡು ಸಲ ಹೊಡೆಸಿ ನನ್ನನ್ನು ಕರೆದು ಆಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡಿ ಅಂದರು. ಬಿಸಿ! "ಇದು ಕಾಲಿನ ಕೇಬಲ್, ಕರೆಂಟಿಂದಲ್ಲ. ಆದ್ರೆ ಪಾಪ, ಸೆಲ್ಫಿನ ಕರೆಂಟ್ ವಾಪಸ್ ಹೋಗ್ಲಿಕ್ಕೆ ಬೇರೆ ದಾರಿ ಇಲ್ಲದೆ ಇದ್ರಲ್ಲಿ ಹೋಗ್ತಾ ಉಂಟು."

ವಿಷಯ ಇಷ್ಟು. ಇಂಜಿನ್ ಕೂತಿರೋದು ರಬ್ಬರ್ ಮೌಂಟಿನ ಮೇಲೆ. ರಬ್ಬರಿನಲ್ಲಿ ಕರೆಂಟ್ ಹರಿಯಲ್ಲ. ಅದಕ್ಕೇ ಬಾಡಿಯಿಂದ ಇಂಜಿನ್ನಿಗೆ ಒಂದು ದಪ್ಪ ಅರ್ತ್ ವೈರ್ ಕೊಟ್ಟಿರುತ್ತಾರೆ. ನಮ್ಮ ವ್ಯಾನಿನಲ್ಲಿ ಅದು ಮೇಲಿಂದ ನೋಡಲು ಚೆನ್ನಾಗೇ ಇತ್ತು. ಮೇಸ್ತ್ರಿ ಬಿಚ್ಚಿ ತೋರಿಸಿದಾಗ ತುದಿಯಲ್ಲಿ ಹಸಿರು ಕಿಲುಬು, ಎಳೆಗಳಲ್ಲಿ ಮುಕ್ಕಾಲು ಪಾಲು ತುಂಡು. ಮೂರು ಸಿಲಿಂಡರಿನ ಇಂಜಿನ್ ಅತಿ ಹೆಚ್ಚು ನಡುಗೋದು ಐಡ್ಲಿಂಗಿನಲ್ಲಿ. ಆ ನಡುಕಕ್ಕೆ ಉಳಿದ ಎಳೆಗಳೂ ಮುಟ್ಟಿ ಬಿಟ್ಟು ಮುಟ್ಟಿ ಬಿಟ್ಟು ಮಾಡುತ್ತಿದ್ದವು. ಹೀಗಾಗಿ ಡೈನಮೊ ಕೊಡುವ ಕರೆಂಟು ಬ್ಯಾಟರಿಗೆ ಪೂರ್ತಿ ಸೇರುತ್ತಿರಲಿಲ್ಲ, ಹೊಸ ಬ್ಯಾಟರಿಯೂ ಹಸಿದೇ ಇರುತ್ತಿತ್ತು.

ಸರಿ, ಕರೆಂಟಿನ ಕಥೆ ಆಯಿತು. ಇಂಜಿನ್ ಯಾಕೆ ನಿಲ್ಲಬೇಕು? ಆ ಟಕ್ ಟಕ್ ಉತ್ತರ. ಕಾರ್ಬೊರೇಟರಿನಲ್ಲಿ ಹೆಬ್ಬೆರಳಿನಷ್ಟು ಒಂದು ಸೊಲೆನಾಯ್ಡ್ ಇದೆ. ಕೀ ಆನ್ ಮಾಡಿದಾಗ ಕರೆಂಟ್ ಸಿಕ್ಕಿ ತೆರೆದುಕೊಳ್ಳುತ್ತೆ, ಕೀ ತೆಗೆದಾಗ ಮುಚ್ಚುತ್ತೆ. ಐಡ್ಲಿಂಗಿಗೆ ಬೇಕಾದ ಪೆಟ್ರೋಲ್ ಹೋಗೋದು ಅದು ತೆರೆದಿದ್ದಾಗ ಮಾತ್ರ. ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಬೇರೆ ದಾರಿಯಲ್ಲಿ ಬರುತ್ತೆ, ಹಾಗಾಗಿ ಓಡುವಾಗ ಏನೂ ಗೊತ್ತಾಗಲ್ಲ. ಅದರ ಅರ್ತ್ ಕೂಡ ಇಂಜಿನ್ ಮೂಲಕವೇ. ಅರ್ತ್ ತಪ್ಪಿದಾಗಲೆಲ್ಲ ಆ ಪುಟ್ಟ ಬಾಗಿಲು ಟಕ್ ಅಂತ ಮುಚ್ಚುತ್ತಿತ್ತು. ಲೈಟು ಮಂಕಾಗೋದಕ್ಕೂ ಇಂಜಿನ್ ನಿಲ್ಲೋದಕ್ಕೂ ಒಂದೇ ಕಾರಣ. ನಾವು ಎರಡು ಕಾಯಿಲೆಗೆ ಎರಡು ಕಡೆ ಮದ್ದು ಮಾಡಿಸಿದ್ದೆವು.

ಹೊಸ ವೈರ್ ಹಾಕುವ ಮೊದಲೇ ಮೇಸ್ತ್ರಿ ಒಂದು ಪರೀಕ್ಷೆ ಮಾಡಿದರು. ಹಳೇ ವಾಹನ ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ಜಂಪರ್ ಕೇಬಲಿನ ಒಂದು ತುದಿಯನ್ನು ಬ್ಯಾಟರಿ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ಕಚ್ಚಿಸಿದರು, ಪ್ಲಸ್ಸಿನ ಹತ್ತಿರ ಹೋಗಲೇ ಇಲ್ಲ. ಸೆಲ್ಫ್ ಹೊಡೆದರೆ ಇಂಜಿನ್ ಹೊಸ ಗಾಡಿಯಂತೆ ಎದ್ದಿತು. ಒಂದು ರೂಪಾಯಿ ಪಾರ್ಟ್ ಕೊಳ್ಳದೆ ಎರಡೇ ನಿಮಿಷದಲ್ಲಿ ಗೊತ್ತಾಗುವ ಸಂಗತಿಗೆ ನಾನು 10,500 ಕಟ್ಟಿದ್ದೆ.

ದಪ್ಪ ಬ್ಯಾಟರಿ ಕೇಬಲ್ ಒಂದೂವರೆ ಅಡಿ ಕತ್ತರಿಸಿ, ಎರಡು ತುದಿಗೂ ಲಗ್ ಒತ್ತಿ, ಬಾಡಿಯ ಬಣ್ಣ ಮತ್ತು ತುಕ್ಕು ಹೊಳೆಯುವ ತನಕ ಉಜ್ಜಿ, ಬೋಲ್ಟ್ ಬಿಗಿದು ಮೇಲೆ ಗ್ರೀಸ್ ಸವರಿದರು. ಐಡ್ಲಿಂಗ್ ಆಗಲೂ ಸ್ವಲ್ಪ ಏರಿಳಿಯುತ್ತಿತ್ತು. ತುದಿ ಸೀಳಿದ್ದ ಒಂದು ವ್ಯಾಕ್ಯೂಮ್ ಪೈಪ್ ಸಿಕ್ಕಿತು. ಅರ್ಧ ಇಂಚು ಕತ್ತರಿಸಿ ಮತ್ತೆ ತುರುಕಿದರು. ಆಮೇಲೆ ಸ್ಕ್ರೂಡ್ರೈವರನ್ನು ಅಪ್ಪಯ್ಯನ ಕೈಗೆ ಕೊಟ್ಟು, "ಐಡ್ಲಿಂಗ್ ನೀವೇ ಇಡಿ. ನಿಮ್ಮ ಕಿವಿ ಸರಿ ಉಂಟು" ಅಂದರು.

ಅಪ್ಪಯ್ಯ ಸ್ಕ್ರೂ ತಿರುಗಿಸಿ ಕೇಳಿದರು, ತುಸು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದರು. ಮೇಸ್ತ್ರಿ ಒಟ್ಟು 350 ರೂಪಾಯಿ ತಗೊಂಡರು. ನಾನು 500 ಕೊಟ್ಟರೆ ಚಿಲ್ಲರೆ ಹುಡುಕಲು ಪಕ್ಕದ ಅಂಗಡಿಗೆ ಹೋದರು, ಬೇಡ ಅಂದರೂ ಕೇಳಲಿಲ್ಲ. ಅಲ್ಲಿವರೆಗೆ ಅಮ್ಮ ಆ ಅಂಗಡಿಯಲ್ಲೇ ಕೂತು, ತನ್ನ ಗೋಳನ್ನೂ ಘಾಟಿಯನ್ನೂ ವರ್ಣಿಸುತ್ತಾ ಎರಡು ಗೋಳಿಬಜೆ ಪ್ಲೇಟ್ ಮುಗಿಸಿದ್ದರು.

ಬಾರ್ಕೂರಿನಲ್ಲಿ ಎರಡು ದಿನ ಇದ್ದೆವು. ಅಜ್ಜಿ ಗಂಜಿ ಕುಡಿಯುವಷ್ಟಾದರು. ಅಪ್ಪಯ್ಯ ಅಂಗಳದಲ್ಲಿ ವ್ಯಾನನ್ನು ಸುಮ್ಮನೆ ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದರು. ಪೆಟ್ರೋಲ್ ದಂಡ ಅಂತ ಮಾವ ಬೈದರು. ನಾನು ಬಾಯಿ ಬಿಡಲಿಲ್ಲ.

ವಾಪಸ್ ಬರುವಾಗ ಸಂಜೆ ಐದೂವರೆ, ಮತ್ತೆ ಮಳೆ. ಘಾಟಿ ಬುಡದಲ್ಲಿ ನಾನು ಕೀಗೆ ಕೈ ಚಾಚಲಿಲ್ಲ. ಅವರೇ ಹತ್ತಿ ಕೂತರು. ಹದಿನಾಲ್ಕು ತಿರುವನ್ನೂ ಅವರೇ ಹತ್ತಿಸಿದರು. ಹೆಡ್‌ಲೈಟ್, ವೈಪರ್, ಹಾರ್ನ್, ಎಲ್ಲವೂ ಒಟ್ಟಿಗೆ. ಒಂದು ತಿರುವಿನಲ್ಲಿ ಇಳಿಯುವ ಕಾರಿಗೆ ಕಾಯಬೇಕಾಯಿತು. ಇಂಜಿನ್ ಸಣ್ಣಗೆ ಗುರುಗುಟ್ಟುತ್ತಾ ನಿಂತಿತ್ತು. ಅಪ್ಪಯ್ಯ ಕಾಲು ಪೂರ್ತಿ ಎತ್ತಿ ನನಗೆ ತೋರಿಸಿದರು.

ಮೇಲೆ ಚೆಕ್‌ಪೋಸ್ಟಿನವನು ಟಾರ್ಚ್ ಬಿಟ್ಟು ಒಳಗೆ ನೋಡಿ, ಗೇಟ್ ಎತ್ತಿ ಹೋಗಿ ಅಂತ ಕೈ ಬೀಸಿದ. ಅಪ್ಪಯ್ಯ ಹೊರಡಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟು, ಸೀಟಿನ ಕೆಳಗಿನ ಸದ್ದು ಕೇಳುತ್ತಾ ಕೂತಿದ್ದರು.

"ಹೊರಡಿ ಮಾರಾಯ್ರೆ" ಅಂದರು ಅಮ್ಮ ಹಿಂದಿನಿಂದ, "ಬಸ್ಸಿನವ ಹಾರ್ನ್ ಹಾಕ್ತಿದ್ದಾನೆ."

"ಹಾಕ್ಲಿ" ಅಂದರು ಅಪ್ಪಯ್ಯ.