ರಂಜಕದ ಲೆಕ್ಕ

ನಿವೃತ್ತರಾದ ಮೇಲೆ ನಮ್ಮ ಯಜಮಾನರಿಗೆ ಹುಬ್ಬಳ್ಳಿಯಲ್ಲಿ ಸಮುದ್ರ ಸಾಕುವ ಹುಚ್ಚು ಹಿಡಿಯಿತು. ಪಡಸಾಲೆಯಲ್ಲಿ ಮೂರಡಿ ಗಾಜಿನ ತೊಟ್ಟಿ, ಸೋಸಿದ ನೀರಿಗೆ ಪೊಟ್ಟಣದ ಕಡಲುಪ್ಪು, ಎರಡು ಕೇಸರಿಪಟ್ಟೆಯ ಮೀನು, ಅಣಬೆಯಂಥ ನಾಲ್ಕು ಮೆತ್ತನೆಯ ಹವಳ. ಗಟ್ಟಿ ಹವಳ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದು ನಮಗೆ ಬೇಡ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಆಮೇಲೆ ಅವರ ಮೂತ್ರಪಿಂಡ ಕೈಕೊಟ್ಟಿತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ತೊಟ್ಟಿ ನನ್ನ ಪಾಲಿಗೆ ಬಂತು.

ಹಾಗೆ ಬಂದ ಮೂರು ತಿಂಗಳಿಗೆ ಕಲ್ಲುಗಳ ಮೇಲೆಲ್ಲ ಪಾಚಿ, ಹವಳಗಳು ಮುದುಡಿಕೊಂಡವು. ಇವರು ಕುರ್ಚಿಯಲ್ಲಿ ಕೂತೇ ಕೊಳವೆಯಲ್ಲಿ ನೀರು ತೆಗೆಸಿ, ಔಷಧ ಹನಿ ಹಾಕಿಸಿದರು. ನೀರು ಕಡುನೀಲಿ ಆಯಿತು. ಲೀಟರಿಗೆ 0.1 ಮಿಲಿಗ್ರಾಮಿನೊಳಗೆ ಇರಬೇಕಾದ ಫಾಸ್ಫೇಟು 0.5 ದಾಟಿತ್ತು.

"ದಿನಕ್ಕ ಎಷ್ಟ್ ಸಲ ಹಾಕ್ತೀ?"

"ಮೂರ್ ಸಲರೀ. ನನ್ನ ನೋಡಿದ ಕೂಡ್ಲೆ ಮ್ಯಾಲ ಬರ್ತಾವು."

"ನನಗೂ ಹಂಗ ಹಾಕ್ತೀ, ಅಲ್ಲೇನು?"

ನನಗೆ ಮಾತೇ ಹೊರಡಲಿಲ್ಲ. ಆ ವಾರವಷ್ಟೇ ವೈದ್ಯರು ಇವರ ರಕ್ತದ ರಂಜಕ 7 ಎಂದು ಹುಬ್ಬೇರಿಸಿದ್ದರು, 2.5ರಿಂದ 4.5 ಇದ್ದರೆ ಸರಿ. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು, ಡಯಾಲಿಸಿಸ್ ತೊಳೆಯುವುದೂ ಅಷ್ಟಕ್ಕಷ್ಟೆ. ಉಳಿದದ್ದು ಎಲುಬಿನ ಸುಣ್ಣ ಕರಗಿಸುತ್ತದೆ, ಮೈ ತುರಿಸುತ್ತದೆ. ಹಾಲು, ಮೊಸರು, ಶೇಂಗಾ ಕಡಿಮೆ ಮಾಡಿ ಎಂದರು. ರೊಟ್ಟಿಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು ಇಲ್ಲದೆ ನಮ್ಮ ಕಡೆ ಊಟ ಅಂದರೆ ಏನು ಹೇಳಿ! ಅದಕ್ಕಿಂತ ದೊಡ್ಡ ತಪ್ಪು ನನ್ನದೇ. ಡಯಾಲಿಸಿಸ್ ಮುಗಿಸಿ ಸೋತು ಬಂದವರ ಬಾಯಿಗೆ ಪ್ರತಿ ಸಲ ಲೈನ್ ಬಜಾರಿನ ಒಂದು ಪೇಢೆ ಇಡುತ್ತಿದ್ದೆ. ಹಾಲು ಬತ್ತಿಸಿ ಮಾಡಿದ್ದು, ರಂಜಕದ ಗಟ್ಟಿ. ಅವರೂ ಬೇಡ ಅಂದವರಲ್ಲ.

ರಂಜಕ ಹಿಡಿಯುವ ಗುಳಿಗೆಯನ್ನು ಊಟದ ಜೊತೆಗೇ ನುಂಗಬೇಕು, ಆಗಲೇ ಅದು ಹೊಟ್ಟೆಯಲ್ಲಿ ಅನ್ನದ ರಂಜಕವನ್ನು ಕಟ್ಟಿಹಾಕುವುದು. ನಾನು ಕೈತೊಳೆದ ಮೇಲೆ ಕೊಡುತ್ತಿದ್ದೆ. ಈಗ ಗುಳಿಗೆ ತಾಟಿನಲ್ಲೇ, ಉಪ್ಪಿನಕಾಯಿ ಇರುತ್ತಿದ್ದ ಜಾಗದಲ್ಲಿ. ಹಿಂಡಿ ವಾರಕ್ಕೊಂದು ಚಮಚ.

ತೊಟ್ಟಿಗೆ ಒಂದು ಹೊತ್ತು, ಒಂದು ಚಿಟಿಕೆ. ಮಂಜುಗಟ್ಟಿದ ಸಿಗಡಿಯನ್ನು ಚಹಾ ಸೋಸುವ ಜರಡಿಯಲ್ಲಿ ತೊಳೆದು ಹಾಕುತ್ತೇನೆ (ಹಳೆಯ ಜರಡಿ, ಗಾಬರಿಯಾಗಬೇಡಿ). ಫಾಸ್ಫೇಟು ಹೀರುವ, ತುಕ್ಕಿನ ಬಣ್ಣದ ಕಬ್ಬಿಣದ ಹರಳು ಸ್ವಲ್ಪಸ್ವಲ್ಪ. ಒಮ್ಮೆಲೇ ಇಳಿಸಿದರೆ ಹವಳ ತಾಳವು, ಪೂರ್ತಿ ಇಲ್ಲದಿದ್ದರೂ ಬದುಕವು. ನೀರು ಬದಲಿಸಿದ ಎರಡೇ ದಿನಕ್ಕೆ ನೀಲಿ ಮತ್ತೆ ಏರಿದಾಗ ಅಳು ಬಂತು. ಕಲ್ಲುಗಳು ತಿಂಗಳುಗಟ್ಟಲೆ ಹೀರಿಟ್ಟುಕೊಂಡದ್ದನ್ನು ಬಿಡುತ್ತಿವೆ, ತಾಳು ಎಂದರು.

ಎರಡು ತಿಂಗಳಾಯಿತು. ನೀರಿನಲ್ಲಿ 0.1, ಇವರ ರಕ್ತದಲ್ಲಿ 5.2.

ನಿನ್ನೆ ಧಾರವಾಡದಿಂದ ನಾದಿನಿ ಬಂದಳು, ಅಣ್ಣನಿಗೆಂದು ಪೇಢೆಯ ಪೊಟ್ಟಣ ಹಿಡಿದು. ನಾನು ಒಳಗೊಯ್ದು ಎತ್ತಿಟ್ಟೆ, ಅವಳು ಹೋದ ಮೇಲೆ ಪಕ್ಕದ ಮನೆಯ ಹುಡುಗರಿಗೆ ಕೊಟ್ಟು ಬಂದೆ. ಇವರು ತೊಟ್ಟಿಯ ಕಡೆ ಮುಖ ಮಾಡಿ ಕೂತಿದ್ದರು.

"ಎಲ್ಲಾ ಕೊಟ್ಟೀ?"

"ಎಲ್ಲಾರೀ."

"ಮೀನಿಗೆ ಹಾಕಿದಿಲ್ಲೋ ಇನ್ನೂ?" ಎಂದರು.